ಬರೆದು ಕೊಡದ ಸೀರೆ

ಮೂವತ್ತು ವರ್ಷ ವಕೀಲಿಕೆ ಮಾಡಿದ್ದೇನೆ. ನಾನೇ ಬರೆದ ಸಾಲಿಗೆ ನನಗೇ ಹೇಸಿಗೆಯಾದದ್ದು ಕಳೆದ ಸೋಮವಾರ.

ಚಿಕ್ಕಪೇಟೆಯ ರೇಷ್ಮೆ ಅಂಗಡಿಯೊಂದು ಕಂಪನಿಯಾಗಿ ನಾಲ್ಕು ಶಾಖೆ ತೆರೆದಾಗ, ಮಾಲೀಕ ಶಶಿಕಿರಣ್ ಸುಪ್ರಜಾ ಎಂಬಾಕೆಯನ್ನು ಸಿಇಒ ಮಾಡಿಕೊಂಡ. ಕರಾರು ಬರೆದವನು ನಾನು. ಸುಮ್ಮಸುಮ್ಮನೆ ಕೆಲಸದಿಂದ ತೆಗೆದರೆ ಒಂದು ವರ್ಷದ ಸಂಬಳ ಕೊಡಬೇಕು, 'ತಕ್ಕ ಕಾರಣ'ವಿದ್ದರೆ ಬಿಡಿಗಾಸೂ ಇಲ್ಲ. ತಕ್ಕ ಕಾರಣ ಎಂದರೇನು ಎಂದು ಐದು ಅಂಶ ಪಟ್ಟಿ ಮಾಡಿದ್ದೆ. ನಾಲ್ಕನೆಯದು, ಲಿಖಿತ ಅನುಮತಿಯಿಲ್ಲದೆ ಕಂಪನಿಯ ಸ್ವತ್ತು ತೆಗೆದುಕೊಳ್ಳುವುದು. ಕಳ್ಳರಿಗೆಂದು ಬರೆದದ್ದು ಸ್ವಾಮಿ ಅದು!

ಮೂರು ವರ್ಷದಲ್ಲಿ ಆ ಹೆಣ್ಣುಮಗಳು ವ್ಯಾಪಾರ ಎರಡರಷ್ಟು ಮಾಡಿದಳು. ಅಷ್ಟರಲ್ಲಿ ಶಶಿಕಿರಣನ ಮಗ ಕೇದಾರನ ಓದು ಮುಗಿಯಿತು. ಅವನಿಗೊಂದು ಕುರ್ಚಿ ಬೇಕಲ್ಲ!

"ಸಾರ್, ನಾಲ್ಕನೇ ಪಾಯಿಂಟ್ ಸಿಕ್ತು," ಎನ್ನುತ್ತಲೇ ಶಶಿಕಿರಣ್ ಗಾಂಧಿ ಬಜಾರಿನ ನನ್ನ ಕಚೇರಿಗೆ ಬಂದ. "ವರಮಹಾಲಕ್ಷ್ಮಿ ಹಬ್ಬದ ದಿನ ಮೇಡಂ ಅಂಗಡೀದು ಒಂದು ಸೀರೆ ತಗೊಂಡ್ಹೋಗಿದಾರೆ. ಲೆಟರ್ ಇಲ್ಲ."

"ಏನ್ರೀ ಇದು! ನಿಮ್ಮ ತಾಯಿ ತಾಂಬೂಲದ ಜೊತೆ ಕೊಟ್ಟಿದ್ದಲ್ವಾ? ಪ್ರತಿ ವರ್ಷ ಅಂಗಡಿ ಹೆಂಗಸರಿಗೆಲ್ಲ ಕೊಡ್ತಾರಲ್ಲ?"

"ಕೊಡ್ತಾರೆ. ಬರೆದು ಕೊಡಲ್ಲ."

ಥೂ! ಎದ್ದು ಹೋಗಯ್ಯಾ ಎನ್ನಬೇಕಿತ್ತು. ಅನ್ನಲಿಲ್ಲ. ಅವನ ತಾಯಿ ಗಿರಿಜಾಂಬಾ ದೈವಭಕ್ತೆ, ನಿಜ ಹೇಳಿಯೇ ಹೇಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೋಮವಾರ ಅಂಗಡಿಯ ಮಹಡಿಯಲ್ಲಿ ಆಡಳಿತ ಮಂಡಳಿ ಸೇರಿತು. ಮಂಡಳಿ ಎಂದರೆ ಅಪ್ಪ, ಮಗ, ಅಜ್ಜಿ.

"ಆ ಒಂದು ವರ್ಷದ ಸಂಬಳ ನಂಗೆ ಬೇಡ," ಎಂದಳು ಸುಪ್ರಜಾ. "ನಾನೇ ರಾಜೀನಾಮೆ ಕೊಡ್ತೀನಿ. ಕದ್ದಳು ಅಂತ ಮಾತ್ರ ಬರೀಬೇಡಿ. ಆಮೇಲೆ ಯಾರು ನಂಗೆ ಕೆಲಸ ಕೊಡ್ತಾರೆ?"

ಕೇದಾರ್ ಮೊಬೈಲಿನಿಂದ ತಲೆ ಎತ್ತಲಿಲ್ಲ. ರಾಜೀನಾಮೆ ಪಡೆದರೆ ನಾಳೆ ಕೋರ್ಟಿಗೆ ಹೋಗುತ್ತಾಳೆ ಎಂದ ಶಶಿಕಿರಣ್. ಕಳ್ಳತನದ ಕಳಂಕವಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಾಳಂತೆ. ಅವಳ ಎದುರಿಗೇ ಹೇಳಿದ, ನಾಚಿಕೆಗೆಟ್ಟವನು.

ನಾನು ಅಜ್ಜಿಯ ಕಡೆ ತಿರುಗಿದೆ. "ಅಮ್ಮಾ, ಆ ಸೀರೆ ನೀವೇ ಕೊಟ್ರಿ ಅಲ್ವಾ?"

"ನಾನೇ ಕೊಟ್ಟೆ ಶ್ರೀನಿವಾಸಯ್ಯನೋರೇ. ಹಬ್ಬದ ದಿನ ಮುತ್ತೈದೆಗೆ ಕೊಡ್ದೆ ಇರಕ್ಕಾಗತ್ತಾ?" ಎಂದರು ಗಿರಿಜಾಂಬಾ. ನನಗೆ ಜೀವ ಬಂದಂತಾಯಿತು. ಅವರು ಕನ್ನಡಕ ಹಾಕಿಕೊಂಡು ಕರಾರಿನ ಕಾಗದ ಹತ್ತಿರ ಎಳೆದುಕೊಂಡರು. "ಆದ್ರೆ ಬರೆದು ಕೊಡ್ಬೇಕು ಅಂತ ನೀವೇ ಇದ್ರಲ್ಲಿ ಹಾಕಿದೀರಲ್ಲ. ನಾನು ಬರೆದಿಲ್ಲಪ್ಪ."

ಸುಪ್ರಜಾಳನ್ನು ಕೆಲಸದಿಂದ ತೆಗೆಯುವ ನಿರ್ಣಯಕ್ಕೆ ಸಹಿ ಹಾಕಿಬಿಟ್ಟರು!

ಸುಪ್ರಜಾ ಬ್ಯಾಗು ಹೆಗಲಿಗೇರಿಸಿ ಎದ್ದಳು. ಗಿರಿಜಾಂಬಾ ಲಕ್ಷ್ಮಿಯ ಪಟದ ಮುಂದಿದ್ದ ಕುಂಕುಮದ ಭರಣಿ ತಂದು ಹಿಡಿದರು.

"ಇರಮ್ಮಾ, ಮುತ್ತೈದೆ ಹಾಗೇ ಹೋಗ್ಬಾರ್ದು. ಕುಂಕುಮ ಇಟ್ಕೊಂಡ್ಹೋಗು."

ಸುಪ್ರಜಾ ಭರಣಿಯನ್ನು ನೋಡಿದಳು, ಅವರ ಮುಖವನ್ನೂ ನೋಡಿದಳು.

"ಬರೆದು ಕೊಡಿ ಅಮ್ಮಾ," ಎಂದಳು. "ಆಮೇಲೆ ಇಟ್ಕೋತೀನಿ."