ಅರ್ಧ ಟ್ಯೂಬ್ ಉಣ್ಣಿ ಮದ್ದು

ಮೊದಲ ಮಳೆ ಬಿದ್ದರೆ ಸಾಕು, ಮುಂಬಯಿಯ ಮಲಾಡಿನ ನಮ್ಮ ಸೊಸೈಟಿಯ ಹುಲ್ಲಿನಲ್ಲಿ ಉಣ್ಣಿ ಏಳುತ್ತವೆ. ಹದಿನೆಂಟು ವರ್ಷದಿಂದ ಮಾಲಿ ಪೂವಪ್ಪನೇ ಅದಕ್ಕೆ ಔಷಧಿ ಹೊಡೆಯುವುದು. ಪುತ್ತೂರು ಕಡೆಯವನು, ಪಂಪ್‌ರೂಮಿನ ಪಕ್ಕದ ಖೋಲಿಯಲ್ಲಿ ವಾಸ. ಈ ಜೂನಿನಲ್ಲೂ ಒಂದು ಮಂಗಳವಾರ ಬೆಳಿಗ್ಗೆ ಹೊಡೆದ. ಎರಡು ದಿನ ನಾಯಿ, ಬೆಕ್ಕು ಬಿಡಬೇಡಿ ಎಂದು ಹಲಗೆಯ ಮೇಲೆ ಬರೆದೂ ಇಟ್ಟ.

ಅದೇ ಬೆಳಿಗ್ಗೆ ಮಗಳು ಪ್ರಣೀತಾಳ ಬೆಕ್ಕು ಚಿಮ್ಮಿಯ ಕಿವಿಯ ಹಿಂದೆ ನನಗೆ ಎರಡು ಉಣ್ಣಿ ಸಿಕ್ಕಿದವು. ಮಗಳು ಆಫೀಸಿಗೆ ಹೋಗಿಯಾಗಿತ್ತು. ಜನವರಿಯಲ್ಲಿ ತೀರಿಹೋದ ನಮ್ಮ ನಾಯಿಯ ಉಣ್ಣಿ ಮದ್ದು ಒಂದು ಟ್ಯೂಬ್ ಕಪಾಟಿನಲ್ಲಿ ಉಳಿದಿತ್ತು. ಫೋರ್ಟಿನಲ್ಲಿ ಹೋಟೆಲ್ ಇಟ್ಟವನ ಹೆಂಡತಿ ನಾನು. ನಿನ್ನೆಯ ಇಡ್ಲಿ ಇವತ್ತು ಉಪ್ಪಿಟ್ಟಾಗದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಟ್ಯೂಬಿನ ಮೇಲೆ ನಾಯಿಯ ಚಿತ್ರವಿತ್ತು, ನೋಡಿದೆ. ಬೆಕ್ಕು ಸಣ್ಣದಲ್ಲವೇ, ಅರ್ಧ ಹಾಕಿದರಾಯಿತು ಅಂದುಕೊಂಡೆ. ದೊಡ್ಡ ಡಾಕ್ಟ್ರಮ್ಮ ನಾನು! ಕುತ್ತಿಗೆಯ ಹಿಂದೆ ಹಾಕಿ, ಕೈ ತೊಳೆದು, ಬೇಳೆ ಬೇಯಲು ಇಟ್ಟೆ.

ಮಧ್ಯಾಹ್ನ ಚಿಮ್ಮಿ ನಡುಗತೊಡಗಿತು. ಫೋನ್ ಮಾಡಿದೆ, ಪ್ರಣೀತಾ ಓಡಿ ಬಂದಳು. ಇಬ್ಬರೂ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದೆವು.

"ಇದು ಕೀಟನಾಶಕದ ವಿಷ. ಬೆಕ್ಕಿಗೆ ಸ್ವಲ್ಪವೇ ಸಾಕು. ಏನಾದರೂ ತಾಗಿದೆಯಾ?" ಎಂದು ಡಾಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಣೀತಾ, "ಹಾಂ ಡಾಕ್ಟರ್, ಇವತ್ತೇ ಗಾರ್ಡನ್‌ನಲ್ಲಿ ಸ್ಪ್ರೇ ಮಾಡಿದ್ದಾರೆ. ಇದು ಕೆಳಗೆ ಹೋಗಿರಬೇಕು" ಎಂದಳು.

ತೆರೆದ ಬಾಯಿ ಮುಚ್ಚಿಕೊಂಡೆ. ಡಾಕ್ಟರ್ ಬೆಕ್ಕಿನ ಕಾಲು, ಹೊಟ್ಟೆ ಎಲ್ಲ ಸೋಪು ಹಾಕಿ ತೊಳೆದರು. ಕುತ್ತಿಗೆ ತೊಳೆಯಲಿಲ್ಲ. ನಾನು ಮೂರಡಿ ದೂರದಲ್ಲಿ ಬ್ಯಾಗ್ ಹಿಡಿದು ನಿಂತಿದ್ದೆ.

ಮರುದಿನ ಹನ್ನೊಂದಕ್ಕೆ ಚಿಮ್ಮಿ ಸತ್ತಿತು. ನನಗೆ ಅಳು ಬರಲಿಲ್ಲ. ಬಟ್ಟೆ ಒಣಹಾಕಿದೆ, ಹಾಲಿಗೆ ಹೆಪ್ಪು ಹಾಕಿದೆ. ಮೈಗೆ ಯಾರೋ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ ಹಾಗೆ ಓಡಾಡಿದೆ. ಪ್ರಣೀತಾ ಅಳುತ್ತಲೇ ಸೊಸೈಟಿಯ ಗ್ರೂಪಿನಲ್ಲಿ ಸ್ಪ್ರೇಯ ವಿಷಯ ಬರೆದಳು. ಸಂಜೆಯ ಹೊತ್ತಿಗೆ ಕಮಿಟಿಯ ತೀರ್ಮಾನ ಬಂತು: ಪೂವಪ್ಪ ಭಾನುವಾರದೊಳಗೆ ಕೆಲಸ, ಖೋಲಿ ಎರಡೂ ಬಿಡಬೇಕು. ಅದನ್ನು ಓದಿದಾಗಲೂ ನನಗೆ ಏನೂ ಅನಿಸಲಿಲ್ಲ, ದೇವರಾಣೆ.

ಶನಿವಾರ ಅವನೇ ಬಂದ. ಚಪ್ಪಲಿ ಲಿಫ್ಟಿನ ಹತ್ತಿರವೇ ಬಿಟ್ಟಿದ್ದ.

"ಕ್ಷಮಿಸಿ ಅಕ್ಕ. ಅಳತೆ ಸರಿಯಾಗಿಯೇ ಹಾಕಿದ್ದೆ. ಆದ್ರೂ ಕೈತಪ್ಪಿ ಹೆಚ್ಚಾಯ್ತೋ ಎಂತದೋ. ಪಾಪದ ಜೀವ, ನನ್ನಿಂದ ಹೋಯ್ತಲ್ಲ. ಮೂರು ದಿನದಿಂದ ಅನ್ನ ಇಳಿಯುದಿಲ್ಲ."

ಇವನು ತಾನೇ ಕೊಂದೆ ಎಂದು ನಂಬಿಬಿಟ್ಟಿದ್ದ.

"ನೀನಲ್ಲ ಮಾರಾಯ," ಎಂದೆ. "ನಾಯಿಯ ಮದ್ದು ಬೆಕ್ಕಿಗೆ ಹಾಕಿದ್ದು ನಾನು."

ಪ್ರಣೀತಾ ಒಳಗಿಂದ ಬಂದಳು. ಪೂವಪ್ಪ ತಲೆಯಾಡಿಸಿದ. "ಇಲ್ಲ ಪ್ರಣೀತಮ್ಮ, ನನ್ನ ಕೆಲಸ ಉಳೀಲಿ ಅಂತ ಅಕ್ಕ ಹೀಗೆ ಹೇಳುದು. ಇವರ ಮನಸ್ಸು ನನಗೆ ಗೊತ್ತುಂಟು."

ಅವಳು ಬಂದು ನನ್ನನ್ನು ಅಪ್ಪಿಕೊಂಡಳು. "ಮಮ್ಮಿ, ತೂ ಭೀ ನಾ! ಅಂಕಲ್‌ಗೋಸ್ಕರ ಯಾಕೆ ಝೂಟ್ ಹೇಳ್ತಿ?"

ಅಲ್ಲಿಗೇ ಬಿಡಬಹುದಿತ್ತು. ಹೇಳಿದ್ದೂ ಆಗಿತ್ತು, ಹಾವೂ ಸಾಯದೆ ಕೋಲೂ ಮುರಿಯದೆ ಪಾರಾಗಿಯೂ ಆಗಿತ್ತು. ಮಗಳ ಕೈ ಬೆನ್ನ ಮೇಲೆ ಬೆಚ್ಚಗಿತ್ತು. ಬಾಗಿಲಲ್ಲಿ ಪೂವಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

"ಸುಳ್ಳಲ್ಲ," ಎಂದೆ. "ಮಂಗಳವಾರ ಒಂಬತ್ತೂವರೆಗೆ. ಮಡಿಲಲ್ಲಿ ಕೂರಿಸಿಕೊಂಡು ಕೂದಲು ಸರಿಸಿ ಹಾಕಿದೆ. ಚಿಮ್ಮಿ ಆ ದಿನ ಕೆಳಗೆ ಹೋಗಲೇ ಇಲ್ಲ."

ಬೆನ್ನ ಮೇಲಿನ ಕೈ ತೆಗೆದಳು.

"ಡಾಕ್ಟರ್ ಕೇಳಿದ್ರಲ್ಲ, ಮಮ್ಮಿ. ಆಗ ಯಾಕೆ ಹೇಳ್ಲಿಲ್ಲ?"

"ನೀನು ಬೈತೀಯಾಂತ ಹೆದರಿದೆ."

ಅವಳು ಬೈಯಲಿಲ್ಲ. ಪೂವಪ್ಪನ ಕಡೆ ತಿರುಗಿ "ಸಾರಿ ಅಂಕಲ್" ಎಂದಳು. ಕಮಿಟಿಯವರ ಹತ್ತಿರ ಹೋಗೋಣ ಬನ್ನಿ ಎಂದು ಅವನನ್ನು ಕರೆದುಕೊಂಡು ಮೆಟ್ಟಿಲಿಳಿದಳು. ನನ್ನನ್ನು ಬಾ ಎನ್ನಲಿಲ್ಲ.