ಏಳು ಗಾಡಿ, ಮೂರಡಿ ಜಗಲಿ

ಮಾವಳ್ಳಿಯ ಕಮಲಿ ಐದು ವರ್ಷದಿಂದ ಊರ ಮಕ್ಕಳನ್ನು ಹಗಲು ಹೊತ್ತು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಾಳೆ. ಒಟ್ಟು ಒಂಬತ್ತು ಮಕ್ಕಳು. ಅಮ್ಮಂದಿರಲ್ಲಿ ಮೂವರು ಮೀನು ಮಾರುವವರು, ಉಳಿದವರು ಮುರ್ಡೇಶ್ವರದ ಹೋಟೆಲುಗಳಲ್ಲಿ ರೂಮು ಗುಡಿಸಿ ಚಾದರ ಬದಲಾಯಿಸುವವರು. ಒಬ್ಬಳು ಮಾತ್ರ ಸೊಸೈಟಿಯ ಕೌಂಟರಿನಲ್ಲಿ ಕೂರುವವಳು. ಒಂಬತ್ತರಲ್ಲಿ ಯಾವ ಮಗುವಿಗೆ ಯಾವ ಕಿವಿ ಸೋರುತ್ತದೆ, ಯಾವುದು ಗಂಜಿಯನ್ನು ಬಾಯಲ್ಲಿಟ್ಟುಕೊಂಡು ಕೂರುತ್ತದೆ, ಯಾವುದು ಅಳುವ ಮೊದಲು ಮೂಗು ಕೆಂಪು ಮಾಡುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಮಕ್ಕಳು ಅವಳಿಗೆ ಯಾವತ್ತೂ ತಲೆನೋವಾಗಿರಲಿಲ್ಲ. ತಲೆನೋವಾದದ್ದು ಅವರ ಗಾಡಿಗಳು.

ಮೊದಲ ಗಾಡಿ ತಂದವಳು ವೀಣಾ. ಅವಳು ಕೆಲಸ ಮಾಡುವ ಹೋಟೆಲಿನಲ್ಲಿ ಯಾರೋ ಪ್ರವಾಸಿಗರು ಮಗುವನ್ನು ಕೂರಿಸಿ ತಳ್ಳುವ ಗಾಡಿಯೊಂದನ್ನು ಬಿಟ್ಟುಹೋಗಿದ್ದರು. ಮೂರು ತಿಂಗಳು ಕಾದರೂ ಕೇಳಿಕೊಂಡು ಬರಲಿಲ್ಲ. ಮ್ಯಾನೇಜರ್ ‘ಬೇಕಾದ್ರೆ ತಕಂಡೋಗು’ ಎಂದ. ಬಗಲಲ್ಲಿ ಮಗು, ಕೈಯಲ್ಲಿ ಬುತ್ತಿ ಚೀಲ, ಹೆಗಲಲ್ಲಿ ಕೊಡೆ ಸಿಕ್ಕಿಸಿಕೊಂಡು ದಿನಾ ಎರಡು ಮೈಲಿ ನಡೆಯುತ್ತಿದ್ದ ವೀಣಾ ಒಂದು ಬೆಳಿಗ್ಗೆ ಮಹಾರಾಣಿಯ ಹಾಗೆ ಗಾಡಿ ತಳ್ಳಿಕೊಂಡು ಬಂದಳು. ಊರೆಲ್ಲ ನಕ್ಕಿತು. ಎರಡು ವರ್ಷದಲ್ಲಿ ನಕ್ಕವರ ಸೊಸೆಯಂದಿರೇ ಗಾಡಿ ಹುಡುಕತೊಡಗಿದರು. ಭಟ್ಕಳದ ಗಲ್ಫ್ ಮನೆಗಳಲ್ಲಿ ಮಕ್ಕಳು ಬೆಳೆದು ಮೂಲೆ ಸೇರಿದ್ದ ಗಾಡಿಗಳು ಒಂದೊಂದಾಗಿ ಮಾವಳ್ಳಿಗೆ ಬಂದವು. ಮೀನಿನ ಸೀತೆಗಂತೂ ಗಾಡಿ ಬಂದ ಮೇಲೆ ಅರ್ಧ ಆಯುಸ್ಸು ತಿರುಗಿ ಬಂದಂತಾಯಿತು. ಕಮಲಿಯ ಮನೆಗೆ ಬರುವಾಗ, ತಿರುಗಿ ಹೋಗುವಾಗ ಮೇಲೆ ಮಗು, ಸೀಟಿನ ಅಡಿಯ ಜಾಳಿಗೆಯಲ್ಲಿ ಮೀನಿನ ಬುಟ್ಟಿ. ತಲೆ ಖಾಲಿ, ಸೊಂಟ ಖಾಲಿ. ಇಪ್ಪತ್ತೆಂಟು ವರ್ಷದ ಹೆಂಗಸು ಮೊದಲ ಸಲ ನೆಟ್ಟಗೆ ನಡೆದಳು.

ಹೀಗೆ ಗಾಡಿ ಏಳಾದವು. ಅವುಗಳನ್ನು ಇಡಲು ಕಮಲಿಗಿದ್ದದ್ದು ಮನೆಯ ಪಕ್ಕದ ಜಗಲಿ. ಹಿಂದೆ ಬಲೆ ಇಡುತ್ತಿದ್ದ ಜಾಗ ಅದು. ಅಗಲ ಮೂರಡಿ. ಒಂದು ಬದಿ ಮನೆಗೋಡೆ, ಇನ್ನೊಂದು ಬದಿ ಸೊಂಟದೆತ್ತರದ ಚಿರೆಕಲ್ಲಿನ ಗೋಡೆ, ಕೊನೆಯಲ್ಲಿ ಅಡುಗೆಮನೆ. ಬಾಯಿ ಒಂದೇ, ಅದು ಓಣಿಯ ಕಡೆಗೆ.

ಕಮಲಿ ದೋಣಿಯವರ ಮನೆಯ ಮಗಳು, ದೋಣಿಯವರ ಮನೆಯ ಸೊಸೆ. ದಡದಲ್ಲಿ ಮೊದಲು ಬಂದ ದೋಣಿಯನ್ನು ಎಲ್ಲಕ್ಕಿಂತ ಮೇಲೆ ಎಳೆಯುತ್ತಾರೆ, ಆಮೇಲೆ ಬಂದದ್ದು ಅದರ ಕೆಳಗೆ. ಹುಟ್ಟಿದಾಗಿನಿಂದ ಅವಳು ಕಂಡದ್ದು ಅದು. ಗಾಡಿಗಳನ್ನೂ ಹಾಗೇ ಇಟ್ಟಳು. ಬೆಳಿಗ್ಗೆ ಆರಕ್ಕೆ ಬರುವ ಸೀತೆಯ ಗಾಡಿ ಎಲ್ಲಕ್ಕಿಂತ ಒಳಗೆ, ಅದರ ಹಿಂದೆ ಇನ್ನಿಬ್ಬರು ಮೀನಿನವರದು, ಎಂಟೂವರೆಗೆ ಬರುವ ಹೋಟೆಲಿನವರದು ಆಮೇಲೆ, ಒಂಬತ್ತೂವರೆಗೆ ಬರುವ ಪೂರ್ಣಿಮಾಳದು ಬಾಯಿಯ ಹತ್ತಿರ. ಆದರೆ ದಡ ಅಗಲ. ಅಲ್ಲಿ ಯಾವ ದೋಣಿ ಬೇಕಾದರೂ ಪಕ್ಕದಿಂದ ಜಾರಿ ನೀರಿಗೆ ಇಳಿಯುತ್ತದೆ. ಜಗಲಿಗೆ ಪಕ್ಕ ಎಲ್ಲಿದೆ? ಮೊದಲು ಬಂದ ಮೀನಿನವರೇ ಮೊದಲು ಹೋಗುವವರು. ಅದೂ ಬಂಗಡೆ ಬೇಗ ಖರ್ಚಾದರೆ ಹನ್ನೊಂದಕ್ಕೆ, ಇಲ್ಲವಾದರೆ ಒಂದಕ್ಕೆ. ವೀಣಾಳ ಡ್ಯೂಟಿ ಒಂದು ವಾರ ಮೂರಕ್ಕೆ ಮುಗಿದರೆ ಇನ್ನೊಂದು ವಾರ ಆರಕ್ಕೆ. ಯಾರು ಯಾವಾಗ ಬರುತ್ತಾರೆಂದು ದೇವರಿಗೂ ತಿಳಿಯದು. ಹಾಗಾಗಿ ದಿನಾ ಮಧ್ಯಾಹ್ನ ಕಮಲಿ ಮಕ್ಕಳನ್ನು ಒಳಗೆ ಬಿಟ್ಟು ನಾಲ್ಕು ಗಾಡಿ ಓಣಿಗೆ ಎಳೆಯಬೇಕು, ಒಳಗಿನದನ್ನು ತೆಗೆದುಕೊಡಬೇಕು, ಮತ್ತೆ ನಾಲ್ಕನ್ನೂ ಒಳಗೆ ನೂಕಬೇಕು.

ಆ ಶುಕ್ರವಾರ ಓಣಿಗೆ ಎಳೆದಿಟ್ಟಿದ್ದ ಗಾಡಿಯೊಂದು ಗಾಳಿಗೆ ಜಾರಿತು. ಅದೃಷ್ಟಕ್ಕೆ ಖಾಲಿ ಗಾಡಿ. ಇಳಿಜಾರಿನಲ್ಲಿ ಗಡಗಡ ಉರುಳಿ ಹೋಗಿ, ಎದುರು ಮನೆಯ ರಮಾನಂದನ ಗೇಟಿನೆದುರು ನಿಂತಿದ್ದ ಕಾರಿಗೆ ಬಡಿಯಿತು. ರಮಾನಂದ ಮನೆಯ ಮೇಲೆ ನಾಲ್ಕು ರೂಮು ಕಟ್ಟಿಸಿ ದೇವಸ್ಥಾನಕ್ಕೆ ಬರುವವರಿಗೆ ಬಾಡಿಗೆಗೆ ಕೊಡುವವನು. ಕಾರು ಅವನ ಗಿರಾಕಿಯದು.

“ಕಮಲಕ್ಕಾ, ಇದು ಎಂತ ಕತೆ? ರಸ್ತೆಯಾ ಇದು, ನಿಮ್ಮನೆ ಅಂಗಳವಾ?”

“ರಸ್ತೆಯೇ ತಮ್ಮ. ಕಾರು ನಿಲ್ಲಿಸಿದ್ದೂ ರಸ್ತೆ ಮೇಲೇ ಅಲ್ವನಾ?”

“ಕಾರಿನ ಸುದ್ದಿ ಬಿಡಿ. ಪಂಚಾಯ್ತಿಗೆ ಅರ್ಜಿ ಕೊಡ್ತೆ. ಸೋಮವಾರದಿಂದ ಓಣಿ ಮೇಲೆ ಒಂದು ಗಾಡಿ ಕಂಡ್ರೂ ಫೋಟೋ ತೆಗೆದು ಕಳ್ಸಿ ಇದನ್ನ ಬಂದ್ ಮಾಡಿಸ್ತೆ. ಮನೇಲಿ ಇಷ್ಟು ಮಕ್ಕಳನ್ನ ಇಟ್ಕಂಬುಕೆ ನಿಮಗೆ ಯಾರು ಪರ್ಮಿಷನ್ ಕೊಟ್ಟದ್ದು?” ಎಂದವನು, ಸ್ವಲ್ಪ ದನಿ ತಗ್ಗಿಸಿ ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ: “ಅಷ್ಟೆಲ್ಲ ಎಂತಕೆ? ಮಧ್ಯಾಹ್ನ ಹೋಗುವ ಆ ಮೀನಿನವರ ಮೂರು ಗಾಡಿ ಬೇಡ ಅನ್ನಿ. ಉಳಿದದ್ದೆಲ್ಲ ಸಂಜೆವರೆಗೆ ಒಳಗೇ ಇರ್ತದೆ. ಅವ್ರಿಗೆ ತಲೆ ಮೇಲೆ ಹೊತ್ತು ರೂಢಿ ಉಂಟಲ್ಲ.”

ಕಮಲಿಯ ಬಾಯಿಗೆ ಬಂದ ಮಾತನ್ನು ಒಳಗೆ ಎದ್ದ ಮಗುವೊಂದರ ಅಳು ತಡೆಯಿತು. “ಸೋಮವಾರ ಬಾ. ಓಣಿ ಮೇಲೆ ಎಂತದೂ ಕಾಣುದಿಲ್ಲ” ಎಂದಷ್ಟೇ ಹೇಳಿ ಒಳಗೆ ನಡೆದಳು.

ಸಂಜೆ ಗಂಡ ಗಣಪ ತನ್ನ ಬುದ್ಧಿ ಖರ್ಚು ಮಾಡಿದ. “ಮಡಚಿ ಇಡು.” ಮಡಚುವ ಕೀಲುಗಳನ್ನು ಉಪ್ಪು ಗಾಳಿ ಎಂದೋ ತಿಂದಿತ್ತು, ಏಳರಲ್ಲಿ ಮಡಚುವುದು ಪೂರ್ಣಿಮಾಳದೊಂದೇ. “ಹಗ್ಗ ಕಟ್ಟಿ ಜಂತಿಗೆ ತೂಗು ಹಾಕು.” ಇಳಿಸಿಕೊಡುವವರು ಯಾರು, ಇವನು ಸಮುದ್ರದಿಂದ ಬರುತ್ತಾನಾ? “ಹಂಗಾರೆ ಗೋಡೆ ಒಡಿ.” ಜಗಲಿಯ ಹಂಚಿನ ಮಾಡು ನಿಂತಿದ್ದೇ ಆ ಗೋಡೆಯ ಕಂಬಗಳ ಮೇಲೆ.

“ಹೋಗಿ ಸ್ನಾನ ಮಾಡಿ ನೀವು” ಎಂದಳು ಕಮಲಿ.

ಅವಳೊಬ್ಬಳೇ ಜಗಲಿಯ ಬಾಯಲ್ಲಿ ನಿಂತು ನೋಡಿದಳು. ಮೀನಿನವರಿಗೆ ಹೊತ್ತು ರೂಢಿಯಂತೆ! ಮೀನಿನ ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಕುಗ್ಗಿದ ಅವಳ ಅಮ್ಮನಿಗೆ ಅದು ರೂಢಿಯಾಗಿರಲಿಲ್ಲ, ಬೇರೆ ದಾರಿ ಇರಲಿಲ್ಲ ಅಷ್ಟೇ. ಒಂದು ಗಾಡಿಗೆ ಇಲ್ಲಿ ಜಾಗ ಇಲ್ಲವೆಂದರೆ ಯಾವ ಗಾಡಿಗೂ ಇಲ್ಲ, ಅದು ಅವಳಿಗೆ ಖಚಿತವಿತ್ತು. ಆಮೇಲೆ ಅಪ್ಪನ ಕಾಲದ ರಂಪಣಿ ನೆನಪಾಯಿತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಈ ಮೀನು ನಿನ್ನ ಕಡೆಯಿಂದ ಬಂತಾ ನನ್ನ ಕಡೆಯಿಂದ ಬಂತಾ ಎಂದು ಕೇಳಿದರೆ ಜನ ನಗುತ್ತಿದ್ದರು. ಜಗಲಿಯಲ್ಲಿ ಗಾಡಿ ಏಳಿವೆ, ಒಯ್ಯುವವರು ಏಳು ಮಂದಿ. ತಮ್ಮ ತಮ್ಮದೇ ಗಾಡಿ ಬೇಕೆಂದು ಎಲ್ಲರೂ ಹಟ ಹಿಡಿದದ್ದರಿಂದಲೇ ಅಲ್ಲವೇ ಇಷ್ಟು ಎಳೆದಾಟ? ಬಂದವಳು ಬಾಯಲ್ಲಿದ್ದ ಗಾಡಿ ತೆಗೆದುಕೊಂಡು ಹೋದರೆ ಮುಗಿಯಿತು. ಯಾವ ಗಾಡಿಯನ್ನೂ ಓಣಿಗೆ ಎಳೆಯಬೇಕಾಗಿಲ್ಲ.

ಶನಿವಾರ ಸಂಜೆ, ಮಧ್ಯಾಹ್ನವೇ ಹೋಗಿದ್ದ ಮೀನಿನವರನ್ನೂ ಕರೆಸಿ, ಎಲ್ಲ ಅಮ್ಮಂದಿರನ್ನೂ ಕೂರಿಸಿಕೊಂಡು ಕಮಲಿ ಹೇಳಿದಳು. ಸಣ್ಣ ದೊಡ್ಡ ಮಕ್ಕಳಿಗೆ ಹೊಂದಲೆಂದು ಹಳೇ ಸೀರೆಯ ಪಟ್ಟಿ ಪ್ರತಿ ಗಾಡಿಗೂ ಕಟ್ಟಿಯಾಗಿತ್ತು. ಗುರುತಿಗೆ, ದೃಷ್ಟಿಗೆ ಎಂದು ಒಬ್ಬೊಬ್ಬರು ಕಟ್ಟಿದ್ದ ಕಪ್ಪು ದಾರವನ್ನೂ ಬಿಚ್ಚಿ ಅವರವರ ಕೈಗೆ ಕೊಟ್ಟಳು. “ದಾರ ಮಗೂನ ಸೊಂಟಕ್ಕೆ ಇರ್ಲಿ. ಗಾಡಿಗೆ ಯಾರ ದೃಷ್ಟಿಯೂ ತಾಗುದಿಲ್ಲ. ಹೊರಗಿದ್ದದ್ದು ತಕಂಡು ಹೋಗುದು, ಮರುದಿನ ಅದ್ನೇ ತರುದು. ಎಂತ ಹೇಳ್ತ್ರಿ?”

“ಆತು. ನಂದು ಮೊದ್ಲೇ ಯಾರೋ ಬಿಟ್ಟು ಹೋದದ್ದು. ನನ್ನ ಗಂಟು ಎಂತ ಹೋತದೆ?” ಎಂದಳು ವೀಣಾ. “ಆದ್ರೆ ನಂದರ ಚಕ್ರ ಬಲಕ್ಕೆ ಎಳೀತದೆ. ತಳ್ಳುವವರು ಗಟಾರಕ್ಕೆ ಹೋಗಿ ಬಿದ್ರೆ ನಾನಲ್ಲ.”

ಎಲ್ಲರೂ ನಕ್ಕರು, ಪೂರ್ಣಿಮಾ ಬಿಟ್ಟು. ಸೊಸೈಟಿಯ ಕೌಂಟರಿನವಳು ಅವಳೇ, ಕಾಯ್ಕಿಣಿಯ ಗದ್ದೆಮನೆಯ ಸೊಸೆ. ಗಂಡ ದುಬೈಯಿಂದ ಕಳಿಸಿದ ಗಾಡಿ ಅವಳದು, ಬಿಳಿ ಕೊಡೆಯಂಥ ಮುಚ್ಚಿಗೆ ಇದ್ದದ್ದು.

“ಕಮಲಕ್ಕ, ನೀವು ಹೇಳುದು ಸರಿ. ಆದ್ರೆ ನಮ್ಮನೇಲಿ ಅತ್ತೆ ಸೇರುದಿಲ್ಲ. ಕೆಲವು ಗಾಡಿ ಅಡಿಗೆ ಬುಟ್ಟಿ ಇಟ್ಟು... ಒಂಥರಾ ವಾಸನೆ ಅಲ್ವಾ?”

ಸೀತೆ ಮಗುವನ್ನು ಬಗಲಿಗೆ ಏರಿಸಿಕೊಂಡು ಎದ್ದಳು.

“ಬಿಡಿ ಕಮಲಕ್ಕ. ನಂದೇ ಬೇಡ. ಸೋಮವಾರದಿಂದ ಹೊತ್ಕಂಡೇ ಬತ್ತೆ. ನಮ್ಮ ಮೂರು ತೆಗೆದ್ರೆ ಎಲ್ರಿಗೂ ಸಸೂತ್ರ ಆತದಲ್ಲ.”

“ಕೂತ್ಕೋ ನೀನು” ಎಂದಳು ಕಮಲಿ. ಜೋರು ಮಾಡಲಿಲ್ಲ, ಆದರೆ ಸೀತೆ ಕೂತಳು. “ಪೂರ್ಣಿಮಾ, ನಿಮ್ಮನೇಲಿ ಮೀನು ತಿಂಬುದಿಲ್ವಾ?”

“ತಿಂತ್ರು. ಅದು ಬೇರೆ.”

“ಹೌದು ಮಾರಾಯ್ತಿ, ಬೇರೆಯೇ. ತಿಂಬವರ ತಟ್ಟೇಲಿ ಮೀನಿಗೆ ವಾಸನೆ ಇರುದಿಲ್ಲ, ತಂದುಕೊಡುವವಳ ಮೈಮೇಲೆ ಮಾತ್ರ ಇರ್ತದೆ. ನಿನ್ನ ಮಗ ಬೆಳಿಗ್ಗೆಯಿಂದ ಸೀತೆ ಮಗಳ ಸಂಗ್ತಿಗೆ ಒಂದೇ ಚಾಪೆ ಮೇಲೆ ಮಲಗ್ತ. ಒಂದೇ ಬಟ್ಲಲ್ಲಿ ಗಂಜಿ ಉಣ್ತ. ನನ್ನ ಕೈಯೂ ಮೀನು ಹೆಚ್ಚಿದ ಕೈಯೇ. ಐದು ತಿಂಗಳಾತು, ವಾಸನೆ ಬರ್ಲಿಲ್ವಾ?” ಕಮಲಿ ಉಸಿರು ತೆಗೆದುಕೊಂಡಳು. “ನಿನ್ನ ಮಗ ಇಲ್ಲೇ ಇರ್ಲಿ, ಅವನ ತಪ್ಪು ಎಂತದೂ ಇಲ್ಲ. ಆದ್ರೆ ಹಂಚ್ಕಂಬುಕೆ ಆಗದಿದ್ದ ಗಾಡಿಗೆ ಈ ಜಗಲೀಲಿ ಜಾಗ ಇಲ್ಲ.”

ಪೂರ್ಣಿಮಾಳ ಮುಖ ಕೆಂಪೇರಿತು. ಮಗನನ್ನು ಬಿಳಿ ಮುಚ್ಚಿಗೆಯಡಿ ಕೂರಿಸಿ, ಯಾರಿಗೂ ‘ಬತ್ತೆ’ ಎನ್ನದೆ ಹೋದಳು.

“ಸೋಮವಾರ ಬರುದಿಲ್ಲ ಅದು” ಎಂದಳು ವೀಣಾ.

“ಬಂದೇ ಬತ್ತದೆ. ಕೌಂಟರಿನಲ್ಲಿ ಮಗು ಕೂರ್ಸುಕೆ ಆತದಾ?” ಎಂದಳು ಕಮಲಿ.

ಸೋಮವಾರ ಪೂರ್ಣಿಮಾ ಬಂದಳು, ಮಗನನ್ನು ಎತ್ತಿಕೊಂಡು. ಒಂದೂವರೆ ವರ್ಷದ ಗುಂಡು ಹುಡುಗ. ಸೀರೆಯ ಸೆರಗೆಲ್ಲ ಮುದ್ದೆ, ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಕಮಲಿ ಮಗುವನ್ನು ಇಸಿದುಕೊಂಡು ಒಂದು ಲೋಟ ನೀರು ಕೊಟ್ಟಳು. ಗಾಡಿಯ ಮಾತು ಎತ್ತಲಿಲ್ಲ.

ಹನ್ನೊಂದಕ್ಕೇ ರಮಾನಂದ ಗೇಟಿನಲ್ಲಿ ಮೊಬೈಲು ಹಿಡಿದು ನಿಂತಿದ್ದ. ಮೊದಲ ಮೀನಿನವಳು ಬಂದಳು. ಬಾಯಲ್ಲಿದ್ದ ಗಾಡಿಗೆ ಮಗುವನ್ನು ಹಾಕಿ, ಸೀರೆಪಟ್ಟಿ ಬಿಗಿದು, ಹೊರಟಳು. ಎರಡನೆಯವಳೂ ಹಾಗೇ. ಮಧ್ಯಾಹ್ನ ಸೀತೆ ಬಂದಾಗ ಸಿಕ್ಕಿದ್ದು ವೀಣಾಳ ಗಾಡಿ. “ಅಯ್ಯಯ್ಯ, ಇದು ಬಲಕ್ಕೆ ಓಡ್ತದೆ ಕಮಲಕ್ಕ!” ಎಂದು ನಗುತ್ತಾ ರಮಾನಂದನ ಗೇಟಿನ ಕಡೆಗೇ ವಾಲಿಕೊಂಡು ಹೋದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಓಣಿಯಲ್ಲಿ ನಿಂತ ಗಾಡಿ ಒಂದೂ ಇರಲಿಲ್ಲ. ನಡೆಯುವ ಗಾಡಿಯ ಫೋಟೋ ತೆಗೆದು ಯಾರಿಗೆ ಕಳಿಸುವುದು?

ಐದೂವರೆಗೆ ಮಳೆ. ಹೋಟೆಲಿನವರೆಲ್ಲ ಹೋಗಿಯಾಗಿತ್ತು. ಆ ಹೊತ್ತಿಗೆ ಪೂರ್ಣಿಮಾ ಬಂದಳು. ಬೆಳಿಗ್ಗೆ ಅವಳ ಗಾಡಿ ಬಾರದೆ ಆರೇ ಗಾಡಿ ಇದ್ದವು. ಎಲ್ಲಕ್ಕಿಂತ ಒಳಗಿದ್ದ ಸೀತೆಯದು ಮಾತ್ರ ಉಳಿದಿತ್ತು. ವೀಣಾ ನಡೆದಾಡುವಷ್ಟು ದೊಡ್ಡದಾದ ತನ್ನ ಮಗಳನ್ನು ಕೈಹಿಡಿದು ನಡೆಸಿಕೊಂಡು ಹೋಗಿದ್ದಳು. ಹೋಗುವಾಗ ‘ಅವಳಿಗೆ ಒಂದು ಇರ್ಲಿ’ ಎಂದಿದ್ದಳು.

ಪೂರ್ಣಿಮಾ ಕೊಡೆ ಬಿಡಿಸಿದಳು, ಮಗನನ್ನು ಎತ್ತಿದಳು, ಚೀಲ ಜಾರಿತು. ಚೀಲ ಏರಿಸಿದಳು, ಕೊಡೆ ವಾಲಿತು. ಕಮಲಿ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿದಳು. ಒಂದು ಮಾತು ಆಡಿದರೂ ಈ ಹುಡುಗಿ ಹಟಕ್ಕೆ ಮಳೆಯಲ್ಲೇ ನಡೆದಾಳು ಎಂದು ಅವಳಿಗೆ ಗೊತ್ತಿತ್ತು. ಮಗ ಮಾತ್ರ ಅಮ್ಮನ ತೋಳಿನಿಂದ ಬಾಗಿ ಗಾಡಿಯ ಕಡೆ ಎರಡೂ ಕೈ ಚಾಚಿ ಕಿರುಚತೊಡಗಿದ.

ಪೂರ್ಣಿಮಾ ಗಾಡಿಯ ಹತ್ತಿರ ಹೋದಳು. ಮೂಗು ಹಿಡಿಯಲಿಲ್ಲ. ಬಾಗಿ ಅಡಿಯ ಜಾಳಿಗೆ ನೋಡಿದಳು. ಸೀತೆ ಅದನ್ನು ತಿಕ್ಕಿ ತೊಳೆದು, ಬಾಳೆಲೆ ಹಾಸಿ ಇಟ್ಟಿದ್ದಳು.

“ಇದು ಯಾವಾಗ ತೊಳ್ದದ್ದು?”

“ದಿನಾ ತೊಳೀತದೆ ಸೀತೆ. ನೀನು ಬರುವುದರೊಳಗೆ.”

ಪೂರ್ಣಿಮಾ ಮಗನನ್ನು ಕೂರಿಸಿ ಪಟ್ಟಿ ಬಿಗಿದಳು. ಗಂಟು ಹಾಕಲು ಬಹಳ ಹೊತ್ತು ತೆಗೆದುಕೊಂಡಳು. ತಲೆ ಎತ್ತದೆಯೇ, “ಅತ್ತೆಗೆ ನಾ ಹೇಳ್ಕಂತೆ” ಎಂದಳು.

“ಹೇಳು. ನಾಳೆ ಎರಡೂ ಬರ್ಬೇಕು ಮತ್ತೆ. ಇದೂ, ನಿಂದೂ.”

“ಎರಡು ಗಾಡಿ ಒಬ್ಬಳೇ ಹೆಂಗೆ ತಳ್ಳುದು ಕಮಲಕ್ಕ?”

“ನಿಂದು ಮಡಚ್ತದಲ್ಲ. ಇದ್ರ ಅಡಿಗೆ ಹಾಕು.”

ಮಂಗಳವಾರ ಹಾಗೇ ಆಯಿತು. ಬಿಳಿ ಮುಚ್ಚಿಗೆಯ ಗಾಡಿ ಸೀತೆಯ ಗಾಡಿಯ ಜಾಳಿಗೆಯಲ್ಲಿ ಮಡಚಿ ಕುಳಿತು ಬಂತು, ಬಿಡಿಸಿಕೊಂಡು ಜಗಲಿಯ ಬಾಯಲ್ಲಿ ನಿಂತಿತು. ಅವತ್ತು ಬಂಗಡೆ ಹೆಚ್ಚುಕಡಿಮೆ ಎಲ್ಲ ಬೇಗ ಖರ್ಚಾಗಿ ಸೀತೆಯೇ ಮೊದಲು ಬಂದಳು. ಗಾಡಿ ನೋಡಿ ಬುಟ್ಟಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಇದು ಬೇಡ. ಕೊಳಕಾತದೆ. ಒಳಗಿನದು ಕೊಡಿ ಕಮಲಕ್ಕ.”

“ಒಳಗಿನದು ಕೊಡುದಿಲ್ಲ. ಹೊರಗಿದ್ದದ್ದೇ ನಿಂದು.”

“ಅವ್ರು ಎಂತಾದ್ರೂ ಹೇಳಿದ್ರೆ?”

“ಬಿಟ್ಟು ಹೋದವಳು ಅವಳೇ. ಕೂರ್ಸು ಮಗೂನ. ಬುಟ್ಟಿ ಅಡಿಗೆ ಇಡು. ತಲೆ ಮೇಲೆ ಇಟ್ಟದ್ದು ಕಂಡ್ರೆ ಕಾಲು ಮುರೀತೆ.”

ಸೀತೆ ಮಗಳನ್ನು ಕೂರಿಸಿದಳು, ಬುಟ್ಟಿ ಅಡಿಗಿಟ್ಟಳು. ಎರಡು ಹೆಜ್ಜೆ ಮೆಲ್ಲಗೆ ತಳ್ಳಿದಳು, ಮೂರನೆಯದಕ್ಕೆ ಬೆನ್ನು ನೆಟ್ಟಗಾಯಿತು. ದುಬೈ ಗಾಡಿಗೆ ಚಕ್ರದ ಸದ್ದೇ ಇರಲಿಲ್ಲ. ರಮಾನಂದನ ಗೇಟಿನೆದುರು ಬಂದವಳು ನಿಂತು, ಮುಚ್ಚಿಗೆ ಸರಿಮಾಡಿ, ಮೇಲಿನ ರೂಮಿನ ಕಿಟಕಿಗಳಿಗೆ ಕೇಳುವ ಹಾಗೆ ಕೂಗಿದಳು:

“ಎಂಟು ಬಂಗಡೆ ಉಳ್ದದೆ! ಬೇಕಾ ರಮಾನಂದಣ್ಣ?”

ಅವನು ಏನೆಂದನೋ ಕಮಲಿಗೆ ಕೇಳಲಿಲ್ಲ. ಒಳಗೆ ಯಾವುದೋ ಮಗು ಮೂಗು ಕೆಂಪು ಮಾಡಿಕೊಂಡಿರುತ್ತದೆ ಎಂದುಕೊಂಡು, ಉಳಿದ ಗಾಡಿಗಳನ್ನು ಒಂದು ಹೆಜ್ಜೆ ಬಾಯಿಯ ಕಡೆಗೆ ಎಳೆದಿಟ್ಟು ಒಳಗೆ ಹೋದಳು.