ಚಕ್ರದ ಮೇಲಿನ ಹಾಸಿಗೆ

ಬೆಳಗಿನ ಏಳು ಗಂಟೆ. ಚಳ್ಳಕೆರೆಯಲ್ಲಿ ಹಾಸಿಗೆ ಹೊಲಿಯುವ ವಲಿಸಾಬ ತೀರಿಕೊಂಡಿದ್ದ. ಸ್ನಾನದ ಹಲಗೆಗೆ ಸಾಗಿಸಲು ಮಗ ಶಹನವಾಜ್ ಕಾಲುಗಳನ್ನೂ, ಮಯ್ಯತ್ ತೊಳೆಯುವ ಬುಡೇನ್‌ಸಾಬ ಹೆಗಲುಗಳನ್ನೂ ಹಿಡಿದು ಅವನನ್ನು ನೆಲದ ಮೇಲಿನ ಹಾಸಿಗೆಯಿಂದ ಎತ್ತುತ್ತಿದ್ದರು. ಹಾಸಿಗೆಯ ಮಗ್ಗುಲಲ್ಲಿ ಒಳಕ್ಕೆ ಕೊರೆದಂತಿದ್ದ ಕಚ್ಚಿಗೆ ಕಾಲು ಸಿಕ್ಕಿ ಶಹನವಾಜ್ ಮುಗ್ಗರಿಸಿದ.

"ಏನಪ್ಪಾ ಇದು, ಇಲಿ ಕಡಿದಂಗೈತೆ," ಎಂದ ಬುಡೇನ್‌ಸಾಬ.

ಹಾಸಿಗೆಯನ್ನು ಇಲಿ ಕಡಿದಿರಲಿಲ್ಲ, ಅದನ್ನು ಹೊಲಿದದ್ದೇ ಹಾಗೆ. ತಲೆಯ ಕಡೆ ಅಗಲ, ಕಾಲಿನ ಕಡೆ ಕಿರಿದು, ಎಡಮಗ್ಗುಲಲ್ಲಿ ಒಂದು ದೊಡ್ಡ ಕಚ್ಚು. ಅದು ಮನೆಯ ಹಾಸಿಗೆಯೂ ಅಲ್ಲ. ಬೀದಿಯ ತುದಿಯಲ್ಲಿ ನಿಂತಿದ್ದ ರೋಡ್ ರೋಲರಿನ ಹಿಂದೆ ಕಟ್ಟಿದ್ದ ಟ್ರೇಲರಿಗೆ ಸೇರಿದ್ದು.

ರೋಲರ್ ಓಡಿಸುವ ದುರುಗೇಶ್ ಮತ್ತು ಅವನ ಹೆಂಡತಿ ರೇಣುಕಮ್ಮ ಎದುರುಮನೆಯ ಕಟ್ಟೆಯ ಮೇಲೆ ಕೂತಿದ್ದರು. ರಸ್ತೆ ಕೆಲಸ ಇದ್ದಲ್ಲೆಲ್ಲ ಅವರ ಸಂಸಾರ ಆ ಟ್ರೇಲರಿನಲ್ಲೇ. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಲ್ಲಿ ಜಲ್ಲಿ ಹರಡಿ ಕಂಟ್ರಾಕ್ಟರ್ ಕಾಯುತ್ತಿದ್ದ. ರೋಲರ್ ಮನುಷ್ಯ ನಡೆದಷ್ಟೇ ವೇಗದಲ್ಲಿ ಹೋಗುವ ಗಾಡಿ. ಅವತ್ತು ಹೊರಡಲೇಬೇಕಿತ್ತು. ಹಾಸಿಗೆ ಒಯ್ಯಲು ಬೆಳಗ್ಗೆ ಬರುವಂತೆ ವಲಿಸಾಬನೇ ಹೇಳಿದ್ದ. ಬಂದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತು.

*

ಆ ಟ್ರೇಲರನ್ನು ಕಟ್ಟಿದವನು ಶಹನವಾಜ್. 2003ರ ಫೆಬ್ರವರಿಯಲ್ಲಿ ಒಂದು ಹಳೆಯ ಟ್ರಾಕ್ಟರ್ ಟ್ರೇಲರನ್ನು ಕೊಯ್ದು, ಸುತ್ತ ತಗಡು ಹೊಡೆದು, ಒಳಗೆ ಎರಡು ಕಬ್ಬಿಣದ ಮಂಚ ಕೂರಿಸಿದ್ದ. ದುರುಗೇಶನದು ಅಡ್ಡಕ್ಕೆ ಹಾಕಿದ, ನೇರ ಅಂಚಿನ ಮಂಚ. ರೇಣುಕಮ್ಮನದು ಚಕ್ರದ ಮೇಲೆ. ಚಕ್ರವನ್ನು ಮುಚ್ಚಿದ ತಗಡಿನ ಗೂಡು ಒಳಗೆ ಉಬ್ಬಿಕೊಂಡಿದ್ದರಿಂದ ಮಂಚ ಅದನ್ನು ಬಳಸಿಕೊಂಡು ಹೋಗಿತ್ತು. ಕಾಲಿನ ಕಡೆ ಒಲೆಗೆ ಜಾಗ ಬಿಡಲು ಓರೆಯಾಗಿ ಕಿರಿದಾಗಿತ್ತು. ಹಲಗೆ ಕುಸಿಯದಿರಲೆಂದು ಗೂಡಿನ ಪಕ್ಕದಲ್ಲಿ ಎರಡು ಬೆರಳಷ್ಟು ಎತ್ತರದ ಕಬ್ಬಿಣದ ಪಟ್ಟಿಯನ್ನು ನಿಲ್ಲಿಸಿ ವೆಲ್ಡ್ ಮಾಡಿದ್ದ.

ಅಳತೆಗೆ ಬಂದ ವಲಿಸಾಬ ಒಳಗೆ ತೆವಳಿ, ಸಿಮೆಂಟ್ ಚೀಲದ ಕಾಗದವನ್ನು ಮಂಚದ ಮೇಲೆ ಹರಡಿ ಅಂಚು ಮಡಿಸುತ್ತಾ ಹೋದ. ಮಂಚಕ್ಕೆ ನಾಲ್ಕು ಮೂಲೆ ಇರಬೇಕು, ಇದಕ್ಕೆ ಏಳಿವೆ ಎಂದು ಗೊಣಗಿದ. ಕಡ್ಡಿಕಸದ ಅಗ್ಗದ ಹತ್ತಿ ಹಾಕಿ ಯಾವುದಾದರೂ ಒಂದು ಕೊಟ್ಟುಬಿಡಿ, ಹೊದ್ದುಕೊಂಡು ಬಿದ್ದಿರುತ್ತೇವೆ ಎಂದು ದುರುಗೇಶ್ ಅಂದಿದ್ದ. ರೇಣುಕಮ್ಮ ಬಾಗಿಲಲ್ಲಿ ನಿಂತು ಬೇರೆ ಮಾತು ಹೇಳಿದಳು.

"ಸಾಬಜ್ಜ, ಹಳೇ ಗಾಡ್ಯಾಗೆ ಪಾತ್ರೆ ಮಧ್ಯೆ ಮುದುಡ್ಕಂಡು ಮಲಗಿ ಮಲಗಿ ನನ್ನ ಸೊಂಟ ನನ್ನ ಮಾತು ಕೇಳಲ್ಲ. ನನಗೊಂದು ನೆಟ್ಟಗೆ ಮಾಡಿಕೊಡು."

ವಲಿಸಾಬ ಒಪ್ಪಿಕೊಂಡ. ಅದರ ಮೇಲೆ ಒಂದು ತಿಂಗಳು ಹೋಯಿತು.

ಹತ್ತಿ ತುಂಬಿ ದಾರ ಎಳೆದರೆ ಹಾಸಿಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ನೇರ ಹಾಸಿಗೆಗೆ ಎಷ್ಟು ಬಟ್ಟೆ ಹೆಚ್ಚಿಗೆ ಬಿಡಬೇಕೆಂದು ಅವನ ಕೈಗೆ ಗೊತ್ತಿತ್ತು. ಓರೆ ಅಂಚಿನ ಲೆಕ್ಕ ಗೊತ್ತಿರಲಿಲ್ಲ. ಮೊದಲನೆಯದು ಗಿಡ್ಡವಾಯಿತು. ಮಗಳು ತಬಸ್ಸುಮ್ ಕೂತು ಇಡೀ ಹೊಲಿಗೆ ಬಿಚ್ಚಿದಳು. ಎರಡನೆಯದರಲ್ಲಿ ಕಚ್ಚನ್ನು ದೊಡ್ಡದು ಮಾಡಿದ. ಆಗ ಪಟ್ಟಿ ಹೊರಗೆ ಉಳಿದು ಮಲಗಿದವರ ಸೊಂಟಕ್ಕೆ ತಾಗಿತು. ಕಚ್ಚು ಚಿಕ್ಕದು ಮಾಡಿದರೆ ಹಾಸಿಗೆ ಪಟ್ಟಿಯ ಮೇಲೆ ಏರಿ ಕೂರುತ್ತಿತ್ತು.

ಶಹನವಾಜನ ವೆಲ್ಡಿಂಗ್ ಗ್ಯಾರೇಜಿನಲ್ಲಿ ಗಿರಾಕಿಗಳ ಮುಂದೆಯೇ ಅಪ್ಪ ಮಗನಿಗೆ ಜಗಳವಾಯಿತು. ಆ ಪಟ್ಟಿ ಕೊಯ್ದು ಹಾಕು ಎಂದ ವಲಿಸಾಬ. ಕೊಯ್ದರೆ ಮಂಚ ಇಳಿಯುತ್ತದೆ ಎಂದ ಶಹನವಾಜ್. ಇಷ್ಟು ವರ್ಷದ ಕಸುಬಿನಲ್ಲಿ ಹಾಸಿಗೆಗೆ ಇಂಥ ಅವಮಾನ ಆಗಿರಲಿಲ್ಲ ಎಂದು ವಲಿಸಾಬ ಕೂಗಾಡಿದ.

"ನಿನ್ನ ಹತ್ತಿ ಮೆತ್ತಗೈತೆ ಅಬ್ಬಾ, ನನ್ನ ಕಬ್ಬಿಣ ಅಲ್ಲ," ಎಂದ ಶಹನವಾಜ್. "ಬಗ್ಗೋದಿದ್ರೆ ನೀನೇ ಬಗ್ಗು."

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಏನಾದರೂ ಹೇಳಬೇಕಾದರೆ ತಬಸ್ಸುಮಳಿಗೆ ಹೇಳುತ್ತಿದ್ದರು. ಅವಳು ದಿನಾ ಮನೆಗೂ ಗ್ಯಾರೇಜಿಗೂ ಓಡಾಡಿ ಇಬ್ಬರಿಗೂ ಬೈದುಕೊಂಡಳು.

ಮೂರನೆಯ ಸಲ ವಲಿಸಾಬ ಕಚ್ಚನ್ನು ಚಿಕ್ಕದಾಗಿಯೇ ಬಿಟ್ಟು, ಹತ್ತಿ ಚೆನ್ನಾಗಿ ಕೂತರೆ ಅಂಚು ಪಟ್ಟಿಯ ಪಕ್ಕಕ್ಕೆ ಇಳಿದು ಕೂರಬಹುದೆಂದು ಹಾಸಿಗೆಯನ್ನು ನೆಲಕ್ಕೆ ಹಾಕಿ ತಾನೇ ಮಲಗತೊಡಗಿದ. ಎದೆ ನೋವೆನ್ನುತ್ತಾ ನೆಲದ ಮೇಲೆ ಯಾಕೆ ಬೀಳುತ್ತೀರಿ ಎಂದು ಹೆಂಡತಿ ಖಾತೂನ್ ಬೀ ರೇಗಿದಳು. ಅವನು ಕಚ್ಚಿನ ಕಡೆಗೇ ಮಗ್ಗುಲಾಗಿ ಮಲಗುತ್ತಿದ್ದ. ಆರನೆಯ ಬೆಳಿಗ್ಗೆ ಏಳಲಿಲ್ಲ.

*

ಸ್ನಾನ ಮುಗಿಯಿತು. ಕಫನ್ ಬಟ್ಟೆ ಸುತ್ತಿದ ಮೇಲೆ ಬುಡೇನ್‌ಸಾಬ ಕೈ ಒರೆಸಿಕೊಂಡು ಹಾಸಿಗೆಯ ಒಂದು ತುದಿ ಮಡಿಸಿದ. ಸತ್ತವರು ಕೊನೆಗೆ ಮಲಗಿದ್ದ ಹಾಸಿಗೆ ಮಯ್ಯತ್ ತೊಳೆದವನಿಗೆ. ಆ ಬೀದಿಯಲ್ಲಿ ಅದನ್ನು ಯಾರೂ ಕೇಳಿ ಕೊಡುವುದಿಲ್ಲ, ಕೇಳಿ ಒಯ್ಯುವುದೂ ಇಲ್ಲ.

ತಬಸ್ಸುಮ್ ಇನ್ನೊಂದು ತುದಿಯ ಮೇಲೆ ಕೂತಳು.

ಇದು ಗಿರಾಕಿಯದು, ಹೊರಗೆ ಕಾಯುತ್ತಿದ್ದಾರೆ ಎಂದಳು. ಸತ್ತದ್ದು ಇದರ ಮೇಲೆ ತಾನೇ ಎಂದ ಬುಡೇನ್‌ಸಾಬ. ಅವನಿಗೆ ದುರಾಸೆ ಇರಲಿಲ್ಲ. ಪದ್ಧತಿ ತಪ್ಪಿದರೆ ಮನೆಗೆ ಒಳ್ಳೆಯದಲ್ಲ ಎಂಬುದಷ್ಟೇ ಅವನ ವಾದ. ನನ್ನ ಮಂಚಕ್ಕೆ ನಾಲ್ಕೇ ಮೂಲೆ ಇರುವುದು, ಓರೆ ಭಾಗ ಕತ್ತರಿಸಿ ನೇರ ಮಾಡಿಕೊಳ್ಳುತ್ತೇನೆ ಎಂದು ಸಮಾಧಾನ ಹೇಳಿದ. ಆ ಮಾತಿಗೆ ತಬಸ್ಸುಮ್ ಹಾಸಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕತ್ತರಿಸ್ತೀಯಾ? ಎರಡು ಸಲ ನನ್ನ ಕೈಯಾಗೆ ಬಿಚ್ಚಿಸ್ಯಾರೆ. ಇದು ಆ ಮಂಚಕ್ಕೆ ಹೋಗೋವರ್ಗೂ ನಾನು ಏಳಲ್ಲ."

"ಕೊಟ್ಟುಬಿಡು," ಎಂದ ಶಹನವಾಜ್ ಬಾಗಿಲಿಂದ. "ದುರುಗನಿಗೆ ನಾನು ಫೋಮ್ ತಂದು ಹಾಕ್ತೀನಿ."

"ಫೋಮ್ ಹಾಕಿದ್ರೆ ನಿನ್ನ ಮಂಚ ನೆಟ್ಟಗಾಗ್ತೈತಾ ಭಾಯ್?"

ಹೆಣ ಇನ್ನೂ ಮನೆಯಲ್ಲಿತ್ತು. ಖಾತೂನ್ ಬೀ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಮೊದಲ ಸಲ ಅವಳು ಬಾಯಿ ತೆರೆದಳು.

"ಬುಡೇನ್ ಭಾಯ್, ಅವರು ಇದರ ಮೇಲೆ ಮಲಗಿದ್ದು ನಿದ್ದೆಗಲ್ಲ. ಹತ್ತಿ ಕೂರಿಸೋಕೆ. ಅದು ಕೆಲಸ. ಅವರ ಹಾಸಿಗೆ ಒಳಗೆ ಮಂಚದ ಮೇಲೈತೆ, ಅದನ್ನ ತಗಂಡು ಹೋಗು."

ಬುಡೇನ್‌ಸಾಬ ಮಡಿಸಿದ್ದ ತುದಿಯನ್ನು ಬಿಟ್ಟ. ರೈಲಿನ ಕೆಲಸದಲ್ಲಿ ಸತ್ತವನನ್ನು ತೊಳೆದವನಿಗೆ ರೈಲು ಕೊಡುವುದಿಲ್ಲ, ಹಾಗಾದರೆ ಸರಿ ಎಂದು ಒಪ್ಪಿದ. ಯಾರೋ ನಕ್ಕರು, ನಕ್ಕು ಕೆಮ್ಮಿದರು.

ಉಳಿದದ್ದು ದುರುಗೇಶನ ತಕರಾರು. ವಿಷಯ ತಿಳಿದದ್ದೇ ಅವನು ಕಟ್ಟೆಯಿಂದ ಇಳಿದು ನಿಂತ. ಸಾಬರ ಮೇಲೆ ಗೌರವ ಇದೆ, ಆದರೆ ಸತ್ತವರ ಹಾಸಿಗೆಯನ್ನು ತಮ್ಮ ಕಡೆ ಸುಡುತ್ತಾರೆ, ಮನೆಯೊಳಗೆ ತರುವುದಿಲ್ಲ ಎಂದ. ರೇಣುಕಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಎಷ್ಟು ರಸ್ತೆ ಪಕ್ಕ ಮಲಗೀವಿ ನಾವು? ಅಲ್ಲೆಲ್ಲಾ ಯಾರ್ಯಾರು ಸತ್ತಿದ್ರು ಅಂತ ಕೇಳ್ಕಂಡು ಮಲಗಿದ್ಯಾ? ನಿನಗೆ ಭಯ ಆದ್ರೆ ಅತ್ತ ತಿರುಗಿ ಮಲಗು. ಹಾಸಿಗೆ ನಂದು."

*

ಮಧ್ಯಾಹ್ನದ ನಮಾಜಿನ ನಂತರ ಗಂಡಸರು ಜನಾಜಾ ಹೊತ್ತು ಕಬರಸ್ತಾನಕ್ಕೆ ಹೋದರು. ದುರುಗೇಶನೂ ಹೋಗಿ ಸ್ವಲ್ಪ ದೂರ ಹೆಗಲು ಕೊಟ್ಟ. ಬೀದಿ ಖಾಲಿಯಾದ ಮೇಲೆ ತಬಸ್ಸುಮ್ ಮತ್ತು ರೇಣುಕಮ್ಮ ಹಾಸಿಗೆಯನ್ನು ಸುರುಳಿ ಸುತ್ತಿ ಟ್ರೇಲರಿಗೆ ಹೊತ್ತು ತಂದು ಬಿಚ್ಚಿ ಹಾಸಿದರು.

ಓರೆ ಅಂಚು ಸರಿಯಾಗಿ ಕೂತಿತು. ತಲೆಯ ಕಡೆ ಸರಿ, ಕಾಲಿನ ಕಡೆ ಸರಿ. ಚಕ್ರದ ಗೂಡಿನ ಹತ್ತಿರ ಮಾತ್ರ ಹಾಸಿಗೆ ಪಟ್ಟಿಯ ಮೇಲೆ ಏರಿ ನಿಂತಿತ್ತು. ತಬಸ್ಸುಮ್ ಒತ್ತಿದಳು. ಮಂಡಿಯೂರಿ ಮೈಭಾರ ಹಾಕಿ ಒತ್ತಿದಳು. ಕೈ ತೆಗೆದರೆ ಮತ್ತೆ ಎದ್ದಿತು. ವಲಿಸಾಬ ಮಲಗಿ ಮಲಗಿ ತಗ್ಗಿಸಿದ್ದು ಸಾಕಾಗಿರಲಿಲ್ಲ. ಇನ್ನೆಷ್ಟು ದಿನ ಮಲಗಿದ್ದರೂ ಸಾಕಾಗುತ್ತಿರಲಿಲ್ಲ. ಅವಳು ಮುಷ್ಟಿಯಿಂದ ಹಾಸಿಗೆಗೆ ಗುದ್ದಿದಳು.

"ಬಿಡವ್ವ, ಹೆಂಗೋ ಮಲಗ್ತೀನಿ," ಎಂದಳು ರೇಣುಕಮ್ಮ.

"ಹೆಂಗೋ ಮಲಗಾಕೆ ಆಗಿದ್ರೆ ಅಬ್ಬಾ ಮೊದಲನೇದೇ ಕೊಟ್ಟು ಕೈ ತೊಳ್ಕಂತಿದ್ರು."

ಗಂಡಸರು ಹಿಂದಿರುಗಿದಾಗಲೂ ಅವಳು ಟ್ರೇಲರಿನ ಮೆಟ್ಟಿಲ ಮೇಲೆ ಕೂತಿದ್ದಳು. ಸಾವಿನ ಮನೆಯ ಹೆಣ್ಣುಮಗಳು ಬೀದಿಯಲ್ಲಿ ಕೂತದ್ದಕ್ಕೆ ಇಬ್ಬರು ಹಿರಿಯರು ಗದರಿದರು. ಅವಳು ಏಳಲಿಲ್ಲ, ಅಣ್ಣನ ಮುಖ ನೋಡಿದಳು. ಶಹನವಾಜ್ ಅವಳನ್ನು ದಾಟಿ ಒಳಗೆ ಹೋದ. ಅವನ ಉಗುರುಗಳಲ್ಲಿ ಕಬರಿನ ಮಣ್ಣಿತ್ತು. ಎದ್ದು ನಿಂತ ಅಂಚನ್ನು ಅಂಗೈಯಿಂದ ಅದುಮಿ, ಬಿಟ್ಟು, ಮತ್ತೆ ಅದುಮಿದ. ಪಟ್ಟಿಯ ಮೇಲೆ ಬೆರಳಾಡಿಸಿದ.

ಹಾಸಿಗೆಯನ್ನು ಸುತ್ತಿ ಹೊರಗೆ ಕೊಟ್ಟ. ಗ್ಯಾರೇಜಿನಲ್ಲಿ ಕರೆಂಟ್ ಇರಲಿಲ್ಲ, ಕಟಿಂಗ್ ಮಷಿನ್ ತಿರುಗುವಂತಿರಲಿಲ್ಲ. ಕೈಯಿಂದ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ತಂದ.

"ಲೇ, ಇವತ್ತು ಬ್ಯಾಡ ಕಣೋ," ಎಂದ ದುರುಗೇಶ್. "ಅಪ್ಪನ್ನ ಮಣ್ಣು ಮಾಡಿ ಬಂದೀಯ. ಕೆಲಸ ಮುಗಿಸ್ಕಂಡು ವಾಪಸ್ ಬರ್ತೀನಿ, ಆಗ ಮಾಡ್ಕೊಡೀವಂತೆ."

"ದೀಪ ಹಿಡಿ," ಎಂದ ಶಹನವಾಜ್.

ಟ್ರೇಲರಿನೊಳಗೆ ಕೈ ಆಡಿಸಲು ಜಾಗವಿರಲಿಲ್ಲ. ಅವನು ತನ್ನ ಅಪ್ಪನ ಹಾಗೆಯೇ ತೆವಳಿ, ಗೂಡಿಗೆ ತಲೆ ತಾಗಿಸಿಕೊಂಡು ಕೊಯ್ಯತೊಡಗಿದ. ಎರಡು ಬ್ಲೇಡು ಮುರಿದವು. ತಾನೇ ಹಾಕಿದ ವೆಲ್ಡಿಂಗಿಗೆ ತಾನೇ ಬೈದ. ಒಳಗಿನ ಕರಕರ ಶಬ್ದ ಬೀದಿಗೆಲ್ಲ ಕೇಳಿಸುತ್ತಿತ್ತು. ಚಾಪೆಯ ಮೇಲೆ ಕೂತಿದ್ದ ಜನ ಒಬ್ಬೊಬ್ಬರೇ ಅತ್ತ ತಿರುಗಿದರು. ಸಂಜೆಯ ನಮಾಜಿಗೆ ಮೊದಲು ಪಟ್ಟಿ ಕಳಚಿ ಬಿತ್ತು. ಮಂಚ ಅವನು ಹೇಳಿದ್ದಂತೆ ನಿಜವಾಗಿಯೂ ಇಳಿಯಿತು. ಅದರ ಕೆಳಗೆ ಒಂದು ಜಾಲಿ ಮರದ ತುಂಡನ್ನು ನಿಲ್ಲಿಸಿ, ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದ.

ತಬಸ್ಸುಮ್ ಹಾಸಿಗೆಯನ್ನು ಹಾಸಿದಳು. ಗೂಡಿನ ಸುತ್ತ ಬೆರಳು ತೂರಿಸಿ ನೋಡಿದಳು. ಬೆರಳು ಹೋಗಲಿಲ್ಲ. ಅವಳು ಆಗ ಎದ್ದು ಮನೆಯೊಳಕ್ಕೆ ಹೋದಳು.

ಹೊತ್ತು ಮುಳುಗುವ ಮೊದಲು ರೋಲರ್ ಬಳ್ಳಾರಿ ರಸ್ತೆ ಹಿಡಿಯಿತು. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ದುರುಗೇಶ್ ಇಳಿದು, ಕುಡಿಯಲು ನೀರು ಕೇಳಿ ಟ್ರೇಲರಿನ ಬಾಗಿಲು ತಟ್ಟಿದ. ಒಳಗಿಂದ ರೇಣುಕಮ್ಮನ ಗೊರಕೆ ಕೇಳಿಸುತ್ತಿತ್ತು, ಅವಳು ಏಳಲಿಲ್ಲ. ಅವನು ಬಂಕಿನ ನಲ್ಲಿಯಲ್ಲಿ ನೀರು ಕುಡಿದು ರೋಲರ್ ಹತ್ತಿದ.